‘ಹಿಂದೂ’ ಆಗಿದ್ದರೆ ಆಡಬಹುದಿತ್ತು

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ವರ್ಣಭೇದವನ್ನು ಎದುರಿಸಿದ ಕಪ್ಪು ಆಟಗಾರರ ಪೈಕಿ ಯಾರ ಬಗ್ಗೆ ಮೊದಲು ಓದಬೇಕು ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ವಿಲ್ಮೆತ್ ಸಿದತ್-ಸಿಂಗ್. ಹೆಸರು ನೋಡಿ ಯಾರೋ ಪಂಜಾಬಿ ಹುಡುಗನಿರಬೇಕು ಎಂದುಕೊಂಡಿದ್ದೆ. ಆಗಿನ ಅಮೆರಿಕದ ಪತ್ರಿಕೆಗಳೂ ಅವರನ್ನು ‘ಹಿಂದೂ’ ಎಂದೇ ಬರೆಯುತ್ತಿದ್ದವು.

ಅವರು 1918ರಲ್ಲಿ ವಾಷಿಂಗ್ಟನ್ನಿನ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದ ವಿಲ್ಮೆತ್ ವೆಬ್. ತಂದೆ ತೀರಿಕೊಂಡ ಮೇಲೆ ತಾಯಿ, ಭಾರತದಿಂದ ವೈದ್ಯಕೀಯ ಓದಲು ಬಂದಿದ್ದ ಸ್ಯಾಮ್ಯುಯೆಲ್ ಸಿದತ್-ಸಿಂಗ್ ಅವರನ್ನು ಮದುವೆಯಾದರು. ಮಲತಂದೆಯ ಹೆಸರು ಮಗನಿಗೂ ಬಂತು. ಸ್ಯಾಮ್ಯುಯೆಲ್ ಎಂಬುವರ ಮಗ ಹಿಂದೂ ಹೇಗಾದ ಎಂದು ಯಾರೂ ತಲೆ ಕೆಡಿಸಿಕೊಂಡಂತಿಲ್ಲ. ಆ ಕಾಲದ ಅಮೆರಿಕದಲ್ಲಿ ಭಾರತದವರೆಲ್ಲ ಹಿಂದೂಗಳೇ.

ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಅವರು ಹೋದದ್ದು ಬ್ಯಾಸ್ಕೆಟ್‌ಬಾಲ್ ಆಡಲು. ಅವರ ಎಸೆತ ಕಂಡ ಸಹಾಯಕ ತರಬೇತುದಾರರೊಬ್ಬರು ಫುಟ್‌ಬಾಲಿಗೂ ಎಳೆದುಕೊಂಡರು. (ಇದು ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಎಸೆದು, ಹಿಡಿದು ಓಡುವ ಆಟ.)

1937ರ ಅಕ್ಟೋಬರಿನಲ್ಲಿ ಬಾಲ್ಟಿಮೋರ್‌ನಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿರುದ್ಧ ಪಂದ್ಯವಿತ್ತು. ಅದಕ್ಕೆ ಮುನ್ನ ಸ್ಯಾಮ್ ಲೇಸಿ ಎಂಬ ಕ್ರೀಡಾ ಪತ್ರಕರ್ತ, ಇವರು ಹಿಂದೂ ಅಲ್ಲ, ನೀಗ್ರೋ ಎಂದು ಬರೆದರು. ಲೇಸಿ ಸ್ವತಃ ಕಪ್ಪು ಜನಾಂಗದವರು. ಕಪ್ಪು ಆಟಗಾರನಿದ್ದರೆ ಮೈದಾನಕ್ಕಿಳಿಯುವುದಿಲ್ಲ ಎಂದಿತು ಮೇರಿಲ್ಯಾಂಡ್. ಸಿರಕ್ಯೂಸ್ ಮರುಮಾತಾಡದೆ ತನ್ನ ಆಟಗಾರನನ್ನು ಬೆಂಚಿನ ಮೇಲೆ ಕೂರಿಸಿ 13-0ರಿಂದ ಸೋತಿತು. ನಿನ್ನೆಯವರೆಗೆ ಆಡಬಹುದಾಗಿದ್ದ ಅದೇ ಮೈ, ಅದೇ ಬಣ್ಣ!

ಮೊದಲ ಓದಿನಲ್ಲಿ ನನಗೆ ಲೇಸಿಯ ಮೇಲೆ ಸಿಟ್ಟು ಬಂದಿತ್ತು. ಈಗ ಇಲ್ಲ. ಬೇರೆಯವನ ಹೆಸರು ಹೊದ್ದು ಒಳಗೆ ನುಸುಳಿದರೆ ಬಾಗಿಲು ತೆರೆದಂತಾಗುವುದಿಲ್ಲ ಎಂಬುದು ಅವರಿಗೆ ಗೊತ್ತಿದ್ದಿರಬೇಕು. ನನ್ನ ಸಿಟ್ಟೇನಿದ್ದರೂ ಸಿರಕ್ಯೂಸ್ ಮೇಲೆ. ಎದುರಾಳಿಯ ದ್ವೇಷ ನಿರೀಕ್ಷಿತ. ಬೆನ್ನಿಗೆ ನಿಲ್ಲಬೇಕಾದವರೇ ಹಿಂದೆ ಸರಿದರು.

ಮರುವರ್ಷ ಮೇರಿಲ್ಯಾಂಡ್ ತಂಡ ಸಿರಕ್ಯೂಸ್‌ಗೆ ಬಂತು. ಈ ಬಾರಿ ಸಿದತ್-ಸಿಂಗ್ ಆಡಿದರು. ಸಿರಕ್ಯೂಸ್ 53-0ರಿಂದ ಗೆದ್ದಿತು.

ಪದವಿ ಮುಗಿದದ್ದು 1939ರಲ್ಲಿ. ವೃತ್ತಿಪರ ಫುಟ್‌ಬಾಲ್ ಲೀಗ್ ಆಗ ಕಪ್ಪು ಆಟಗಾರರನ್ನು ಸೇರಿಸಿಕೊಳ್ಳುತ್ತಿರಲಿಲ್ಲ; ಅದು ಬದಲಾದದ್ದು 1946ರಲ್ಲಿ. ಅವರು ಬ್ಯಾಸ್ಕೆಟ್‌ಬಾಲ್ ಆಡಿದರು, ಪೊಲೀಸ್ ಕೆಲಸಕ್ಕೆ ಸೇರಿದರು, ಯುದ್ಧ ಬಂದಾಗ ಟಸ್ಕೀಗಿಯಲ್ಲಿ ತರಬೇತಾದ ಕಪ್ಪು ಪೈಲಟ್‌ಗಳಲ್ಲಿ ಒಬ್ಬರಾದರು. 1943ರ ಮೇ ತಿಂಗಳಲ್ಲಿ ತರಬೇತಿ ಹಾರಾಟದ ನಡುವೆ ಅವರ ವಿಮಾನ ಹ್ಯೂರನ್ ಸರೋವರಕ್ಕೆ ಬಿತ್ತು. ವಯಸ್ಸು 25.

ಮೇರಿಲ್ಯಾಂಡ್ ಕ್ಷಮೆ ಕೇಳಿದ್ದು 2013ರಲ್ಲಿ, ಅದೇ ಸಿರಕ್ಯೂಸ್ ಎದುರಿನ ಪಂದ್ಯದ ದಿನ. ಕೇಳಿಸಿಕೊಳ್ಳಲು ಬಂಧುಗಳಷ್ಟೇ ಉಳಿದಿದ್ದರು.