ಆ ಶೇ 95 ಬಂದದ್ದು ಯಾರಿಂದ?

ಪ್ರಶ್ನೆ: ಎಂಆರ್‌ಐ ಸ್ಕ್ಯಾನ್ ನೋಡಿ ಆಟಿಸಂ ಇದೆಯೇ ಇಲ್ಲವೇ ಎಂದು ಕಂಪ್ಯೂಟರ್ ಶೇ 95ರಷ್ಟು ಸರಿಯಾಗಿ ಹೇಳುತ್ತದಂತೆ. ತಂಗಿಯ ಮಗನಿಗೆ ಮೂರು ವರ್ಷ, ಇನ್ನೂ ಮಾತು ಬಂದಿಲ್ಲ. ಸ್ಕ್ಯಾನ್ ಮಾಡಿಸಿದರೆ ಸಾಲದೇ?

ಸಂಪಾದಕರ ಉತ್ತರ: ಸಾಲದು. ಆ ಶೇ 95 ಯಾರನ್ನು ಪರೀಕ್ಷಿಸಿ ಬಂದದ್ದು ಎಂದು ಮೊದಲು ಕೇಳಿ.

ಇಂಥ ಸಂಶೋಧನೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವುದು 2012ರಲ್ಲಿ ಮುಕ್ತವಾದ ‘ಅಬೈಡ್’ ದತ್ತಾಂಶ: 17 ಕೇಂದ್ರಗಳ 1,112 ಮಂದಿಯ ಸ್ಕ್ಯಾನ್, ಅವರಲ್ಲಿ 539 ಮಂದಿಗೆ ಆಟಿಸಂ. ಆರು ವರ್ಷಕ್ಕಿಂತ ಚಿಕ್ಕವರು ಅದರಲ್ಲಿ ಒಬ್ಬರೂ ಇಲ್ಲ. ಸುಮ್ಮನೆ ಮಲಗಿದ್ದಾಗ ಮಿದುಳಿನ ಯಾವ ಭಾಗದ ಚಟುವಟಿಕೆ ಯಾವ ಭಾಗದ್ದರ ಜೊತೆ ಏರಿಳಿಯುತ್ತದೆ ಎಂದು ಜೋಡಿ ಜೋಡಿಯಾಗಿ ಅಳೆಯುತ್ತಾರೆ. ಮಿದುಳನ್ನು 200 ಭಾಗ ಮಾಡಿದರೆ 19,900 ಜೋಡಿ. ಜನ ಸಾವಿರ, ಅಂಕಿ ತಲಾ ಇಪ್ಪತ್ತು ಸಾವಿರ! ಆಕಸ್ಮಿಕವಾಗಿ ಹೊಂದಿಬರುವ ಜೋಡಿಗಳಿಗೆ ಬರವಿಲ್ಲ. ಎಲ್ಲರ ಸ್ಕ್ಯಾನ್ ನೋಡಿ ‘ಒಳ್ಳೆಯ’ ಜೋಡಿ ಆರಿಸಿಕೊಂಡು, ಅವರಲ್ಲೇ ಕೆಲವರನ್ನು ಪರೀಕ್ಷೆಗೆ ಎತ್ತಿಟ್ಟರೆ ಅದು ಸೋರಿದ ಪ್ರಶ್ನೆಪತ್ರಿಕೆ. ಅಂಕ ಬರದೇ ಇರುತ್ತದೆಯೇ? ಇದೇ ದತ್ತಾಂಶದ 1,035 ಮಂದಿಯನ್ನು ತೆಗೆದುಕೊಂಡ 2018ರ ಡೀಪ್ ಲರ್ನಿಂಗ್ (ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ಅಧ್ಯಯನಕ್ಕೆ ಸಿಕ್ಕಿದ್ದು ಶೇ 70.

ಆ ಶೇ 70ರಲ್ಲೂ ತಲೆಯ ಅಲುಗಾಟ ಬೆರೆತಿರಬಹುದು. ಅರ್ಧ ಮಿಲಿಮೀಟರ್ ಅಲುಗಿದರೂ ಮಿದುಳಿನ ದೂರದ ಭಾಗಗಳ ನಂಟು ಸಡಿಲವಾದಂತೆ, ಹತ್ತಿರದ್ದು ಬಿಗಿಯಾದಂತೆ ಕಾಣುತ್ತದೆ. ಯಂತ್ರದ ಗದ್ದಲದಲ್ಲಿ ಅಲುಗದೆ ಮಲಗುವುದು ಆಟಿಸಂ ಇರುವ ಅನೇಕ ಮಕ್ಕಳಿಗೆ ಕಷ್ಟ. ಹೀಗಾಗಿ ಕಂಪ್ಯೂಟರ್ ಅಲುಗಾಟವನ್ನೇ ಆಟಿಸಂ ಎಂದು ಕಲಿತುಬಿಡಬಹುದು. ಒಂದೊಂದು ಸ್ಕ್ಯಾನರ್‌ಗೂ ಅದರದೇ ಛಾಪು ಬೇರೆ. ಒಂದು ಕೇಂದ್ರವನ್ನು ಪೂರ್ತಿ ಹೊರಗಿಟ್ಟು ಕಲಿಸಿ, ಅಲ್ಲಿಯವರ ಮೇಲೆಯೇ ಪರೀಕ್ಷಿಸಿದ ಫಲಿತಾಂಶವಿದ್ದರೆ ಮಾತ್ರ ನಾವು ಮುಂದೆ ಓದುತ್ತೇವೆ.

ಇನ್ನು ಲೆಕ್ಕ. ನೂರಕ್ಕೊಂದು ಮಗುವಿಗೆ ಆಟಿಸಂ ಇದೆ ಎಂದುಕೊಳ್ಳಿ. ಇದ್ದವರಲ್ಲೂ ಇಲ್ಲದವರಲ್ಲೂ ಯಂತ್ರ ಶೇ 70 ಸರಿ. ಸಾವಿರ ಮಕ್ಕಳಲ್ಲಿ ಹತ್ತಕ್ಕೆ ಏಳನ್ನು ಹಿಡಿಯುತ್ತದೆ, ಜೊತೆಗೆ ಇಲ್ಲದ 297 ಮಕ್ಕಳಿಗೂ ‘ಇದೆ’ ಎನ್ನುತ್ತದೆ. ದತ್ತಾಂಶದಲ್ಲಿ ಇಬ್ಬರೂ ಅರ್ಧರ್ಧ ಇರುವುದರಿಂದ ಈ ಹುಳುಕು ಅಲ್ಲಿ ಕಾಣುವುದಿಲ್ಲ.

ಸಂಶೋಧನೆಯೇ ಟೊಳ್ಳು ಎಂದಲ್ಲ. ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದ ಹಸುಳೆಗಳ ಮಿದುಳಿನ ಬೆಳವಣಿಗೆ ಅಳೆದ 2017ರ ಅಧ್ಯಯನ ಭರವಸೆ ಹುಟ್ಟಿಸುವಂಥದ್ದೇ. ಆದರೆ ಅದು ಬೇರೆ ವಯಸ್ಸು, ಬೇರೆ ಪ್ರಶ್ನೆ.

ನಿಮ್ಮ ತಂಗಿಯ ಮಗನಿಗೆ ಮೊದಲು ಕಿವಿಯ ಪರೀಕ್ಷೆ ಆಗಲಿ. ಆಮೇಲೆ ಮಕ್ಕಳ ಬೆಳವಣಿಗೆ ಬಲ್ಲ ವೈದ್ಯರು ಅವನ ಆಟ, ನೋಟ, ಬೆರಳು ಮಾಡಿ ತೋರಿಸುವ ರೀತಿ ಗಮನಿಸಿ, ತಂದೆತಾಯಿಯನ್ನು ವಿವರವಾಗಿ ವಿಚಾರಿಸಲಿ. ಆಟಿಸಂ ನಿರ್ಣಯವಾಗುವುದು ಇಂದಿಗೂ ಹೀಗೆಯೇ. ಸ್ಪೀಚ್ ಥೆರಪಿ ಶುರುಮಾಡಲು ಅದಕ್ಕೂ ಕಾಯಬೇಕಿಲ್ಲ. ಫಿಟ್ಸ್‌ನಂಥ ಬೇರೆ ಕಾರಣವಿದ್ದರೆ ವೈದ್ಯರೇ ಎಂಆರ್‌ಐ ಬರೆದುಕೊಡುತ್ತಾರೆ. ಮೂರು ವರ್ಷದ ಮಗುವಿಗೆ ಅದನ್ನು ಮಾಡಲು ಸಾಮಾನ್ಯವಾಗಿ ಔಷಧಿ ಕೊಟ್ಟು ಮಲಗಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.