ಸಂಗೀತ ಕಛೇರಿ ಮುಗಿಯಿತು, ಇನ್ನು ಮನೆಗೆ ಹೇಗೆ?

ಡಿಸೆಂಬರ್ ಹತ್ತಿರವಾದಂತೆ ಸಂಗೀತ, ನಾಟಕ, ಪಾರ್ಟಿಗೆಂದು ಪುಣೆ, ಮುಂಬಯಿ, ಗೋವಾಕ್ಕೆ ಹೊರಟವರ ಪತ್ರಗಳು ಹೆಚ್ಚುತ್ತವೆ. ಈ ಸಲ ಬಂದವುಗಳಲ್ಲಿ ಬಹುಪಾಲು ಟಿಕೆಟ್ಟಿನ ವಿಚಾರ. ವಾಪಸು ಬರುವ ದಾರಿ ಕೇಳಿದವರು ಒಬ್ಬರೇ. ಸಂಜೆಗಳು ಕೆಡುವುದು ಹೆಚ್ಚಾಗಿ ಅಲ್ಲೇ ಆದ್ದರಿಂದ ಅವರ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಡೊಂಬಿವಲಿಯಲ್ಲಿರುವ ಅಕ್ಕನ ಮನೆಗೆ ಹೋಗುವವಳಿದ್ದೇನೆ. ನರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರದಲ್ಲಿ ಕಛೇರಿ ಕೇಳಿ ಅದೇ ರಾತ್ರಿ ಲೋಕಲ್‌ನಲ್ಲಿ ಮರಳಬಹುದೇ? ಜತೆಗೆ ತಂಗಿ ಇರುತ್ತಾಳೆ. ಬಾವ ಮಾತ್ರ ಸುತರಾಂ ಬೇಡ ಅನ್ನುತ್ತಿದ್ದಾರೆ.
– ಉಡುಪಿಯ ಓದುಗಿ

ಉತ್ತರ: ಧಾರಾಳವಾಗಿ ಮರಳಬಹುದು. ಲೆಕ್ಕವನ್ನು ಮಾತ್ರ ಕೊನೆಯಿಂದ ಹಿಂದಕ್ಕೆ ಹಾಕಿ. ಸಿಎಸ್‌ಎಂಟಿ (ಹಳೆಯ ವಿಟಿ) ನಿಲ್ದಾಣದಿಂದ ಡೊಂಬಿವಲಿ ಮೂಲಕ ಹೋಗುವ ಕಸಾರಾ-ಕರ್ಜತ್ ಕಡೆಯ ಕೊನೆಯ ಗಾಡಿಗಳು ಮಧ್ಯರಾತ್ರಿ ದಾಟಿದ ಸ್ವಲ್ಪ ಹೊತ್ತಿಗೇ ಹೊರಟುಬಿಡುತ್ತವೆ. ಅವು ತಪ್ಪಿದರೆ ಬೆಳಗಿನ 4ರ ಸುಮಾರಿನವರೆಗೆ ಗತಿಯಿಲ್ಲ. ಕೊನೆಯ ಗಾಡಿಯನ್ನು ನಂಬಿ ಹೋಗುವುದೇ ತಪ್ಪು: ಆ ಹೊತ್ತಿನವು ಸ್ಲೋ, ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತವೆ, ಡೊಂಬಿವಲಿಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ಇಳಿದಾಗ ರಿಕ್ಷಾ ಸ್ಟ್ಯಾಂಡ್ ಖಾಲಿ. 10.30ರ ಒಳಗಿನ ಗಾಡಿ ನಿಮ್ಮದು ಎಂದುಕೊಳ್ಳಿ. 7ಕ್ಕೆ ಶುರುವಾದ ಕಾರ್ಯಕ್ರಮ ಸಾಮಾನ್ಯವಾಗಿ 9.30ರೊಳಗೆ ಮುಗಿಯುತ್ತದೆ, ಸಿಎಸ್‌ಎಂಟಿಗೆ ಟ್ಯಾಕ್ಸಿಯಲ್ಲಿ ಕಾಲು ಗಂಟೆ ಸಾಕು.

ಅಲ್ಲಿ ಆಟೊ ಹುಡುಕುತ್ತಾ ನಿಲ್ಲಬೇಡಿ. ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಆಟೊ ಓಡುವುದೇ ಇಲ್ಲ. ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಗೆ ಮಧ್ಯರಾತ್ರಿಯಿಂದ 5ರವರೆಗೆ ಮೀಟರಿನ ಮೇಲೆ ಕಾಲು ಪಾಲು ಹೆಚ್ಚು ಕೊಡಬೇಕು, ಅದು ನ್ಯಾಯವಾದದ್ದೇ. ಅದಕ್ಕೂ ಮೊದಲು ಕೇಳಿದರೆ ಕೊಡಬೇಡಿ.

ರಾತ್ರಿ ಮಹಿಳಾ ಡಬ್ಬಿಯಲ್ಲಿ ಪೊಲೀಸರಿರುವ ವ್ಯವಸ್ಥೆಯುಂಟು. ಆದರೂ ಡಬ್ಬಿ ಪೂರ್ತಿ ಖಾಲಿ ಇದ್ದರೆ ಹತ್ತಬೇಡಿ, ಜನ ಇರುವ ಡಬ್ಬಿಗೆ ಹೋಗಿ. 139 ರೈಲ್ವೆ ಸಹಾಯವಾಣಿ, ಫೋನಿನಲ್ಲಿ ಸೇವ್ ಮಾಡಿಡಿ. ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋಗುವುದಾದರೆ ಹಿಂದಿನ ದಿನ ಮೆಗಾ ಬ್ಲಾಕ್ (ದುರಸ್ತಿಗಾಗಿ ಗಾಡಿ ನಿಲ್ಲಿಸುವುದು) ಯಾವ ಮಾರ್ಗದಲ್ಲಿದೆ ಎಂದು ನೋಡಿಕೊಳ್ಳಿ. ಬಾವನಿಗೆ ಹೇಳಬೇಕಾದ್ದು ಇಷ್ಟೇ: ಹೊರಡುವ ಗಾಡಿಯ ಸಮಯ, ಇಳಿಯುವ ಸಮಯ. ಡೊಂಬಿವಲಿ ಸ್ಟೇಷನ್ನಿಗೆ ಸ್ಕೂಟರ್ ತಂದರೆ ಇನ್ನೂ ಒಳ್ಳೆಯದು.

ಸೀಟಿನ ಬಗ್ಗೆ ಒಂದು ಮಾತು. ಎನ್‌ಸಿಪಿಎ ಆವರಣದ ಟಾಟಾ ಥಿಯೇಟರನ್ನು (1980) ಮೈಕಿಲ್ಲದೆಯೂ ದನಿ ತಲುಪುವಂತೆ ಕಟ್ಟಿದ್ದಾರೆ, ಹಿಂದಿನ ಸಾಲಿನ ಅಗ್ಗದ ಟಿಕೆಟ್ಟಿಗೆ ಹಿಂಜರಿಯಬೇಡಿ. ಜುಹೂವಿನ ಪೃಥ್ವಿ ಥಿಯೇಟರಿಗೆ ಹೋದರೆ ಕಥೆ ಬೇರೆ: ಸುಮಾರು 200 ಸೀಟು, ಸೀಟಿಗೆ ನಂಬರಿಲ್ಲ, ಮುಂಚೆ ಸಾಲಿನಲ್ಲಿ ನಿಂತವರಿಗೆ ಒಳ್ಳೆಯ ಜಾಗ. ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸಿದ ಮೇಲೆ ಟಿಕೆಟ್ ಕೈಯಲ್ಲಿದ್ದರೂ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ: ಅವ್ವನಿಗೆ ಪುಣೆಯ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ತೋರಿಸಬೇಕು. ಅವ್ವನ ತವರು ಕುಂದಗೋಳ. ವಯಸ್ಸು 72, ಮಂಡಿನೋವು ಇದೆ. ಐದೂ ದಿನ ಕೂಡಬಹುದೇ? ರಾತ್ರಿಯಿಡೀ ನಡೀತದಂತಲ್ಲ?
– ಧಾರವಾಡದ ಓದುಗ

ಉತ್ತರ: ರಾತ್ರಿಯಿಡೀ ನಡೆಯುತ್ತಿದ್ದದ್ದು ಹಳೆಯ ಮಾತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾಜ್ಯ ಸರ್ಕಾರ ಸಡಿಲಿಸಬಹುದು, ಅದೂ ಮಧ್ಯರಾತ್ರಿಯವರೆಗೆ ಮಾತ್ರ. ಹೀಗಾಗಿ ಮಹೋತ್ಸವ ಮಧ್ಯಾಹ್ನವೇ ಶುರುವಾಗಿ ಸಾಮಾನ್ಯವಾಗಿ 10ಕ್ಕೆ ಮುಗಿಯುತ್ತದೆ. ಲಲತ್, ತೋಡಿಗಳನ್ನು ಬೆಳಗಿನ ಹೊತ್ತಿನಲ್ಲಿ ಕೇಳುವ ಸುಖ ಹೋಯಿತು, ನಿಜ. ಆದರೆ ಸಾಮಾನ್ಯ ಕಛೇರಿಗಳಲ್ಲಿ ಅಪರೂಪವಾದ ಮಧ್ಯಾಹ್ನದ ರಾಗಗಳು – ಭೀಮಪಲಾಸಿ, ಮುಲ್ತಾನಿ, ಪಟದೀಪ – ಇಲ್ಲಿ ಅವುಗಳ ಹೊತ್ತಿಗೇ ಕಿವಿಗೆ ಬೀಳುತ್ತವೆ. ದೊಡ್ಡ ಹೆಸರಿನವರು ಹಾಡುವುದು ಕೊನೆಗೆ ಎಂದು 7 ಗಂಟೆಗೆ ಹೋಗುವವರು ಇದನ್ನೇ ಕಳೆದುಕೊಳ್ಳುವುದು.

ಐದು ದಿನ ಬೇಡ. ಎರಡು ದಿನ ಆರಿಸಿಕೊಳ್ಳಿ, ಒಂದು ದಿನವಾದರೂ ಮೊದಲ ಕಲಾವಿದರಿಂದಲೇ ಕೂಡಿ. ಮಂಡಿನೋವಿಗೆ ಕುರ್ಚಿಯ ಟಿಕೆಟ್ಟೇ ಸರಿ. ಅವು ಬೇಗ ಖಾಲಿಯಾಗುತ್ತವೆ, ಮಾರಾಟ ಶುರುವಾದ ದಿನವೇ ತೆಗೆದುಕೊಳ್ಳಿ. ಭಾರತೀಯ ಬೈಠಕ್ ಎಂದರೆ ನೆಲದ ಮೇಲೆ ಕೂರುವುದು. ನೀವು ಅಲ್ಲಿ ಕೂಡುವುದಾದರೆ ನಾಲ್ಕು ಮಡಿಕೆಯ ಜಮಖಾನೆ ಒಯ್ಯಿರಿ, ಕಂಬ ಸಿಕ್ಕರೆ ಬೆನ್ನಿಗೆ ಅದೇ ದೇವರು. ಸ್ಪೀಕರಿನ ಎದುರು ಕೂಡಬೇಡಿ. ಡಗ್ಗಾದ (ತಬಲಾದ ಎಡಗೈ ಭಾಗದ) ಗುಮ್ಮು ದನಿ ತಂಬೂರಿಯನ್ನು ನುಂಗಿಬಿಡುತ್ತದೆ. ವೇದಿಕೆಯಿಂದ ಮೂರನೇ ಒಂದು ಭಾಗ ಹಿಂದೆ, ನಡುವಿನಲ್ಲಿ ಕುಳಿತರೆ ಎಲ್ಲವೂ ಸಮನಾಗಿ ಕೇಳುತ್ತದೆ. ಪುಣೆಯ ಡಿಸೆಂಬರ್ ರಾತ್ರಿ 10-12 ಡಿಗ್ರಿಗೆ ಇಳಿಯುವುದುಂಟು. ಅವ್ವನಿಗೆ ಶಾಲು, ಕಿವಿಗೆ ಸ್ಕಾರ್ಫ್, ಕಾಲುಚೀಲ ಬೇಕು. ಕಾಲು ಮೊದಲು ತಣ್ಣಗಾಗುವುದು, ಆಮೇಲೆ ಮಂಡಿ.

ಕಲಾವಿದರು ಬಂದು ಶ್ರುತಿ ಮಾಡಿಕೊಳ್ಳುವಾಗ ಜನ ಚಹಾಕ್ಕೆ ಏಳುತ್ತಾರೆ. ಏಳಬೇಡಿ. ಒಳಕೋಣೆಯಿಂದ ಪೆಂಡಾಲಿನ ತಣ್ಣನೆ ಗಾಳಿಗೆ ಬಂದ ತಂಬೂರಿಯ ತಂತಿ ಬಿಗಿದು ಶ್ರುತಿ ಏರುತ್ತದೆ. ತೇವ ಹೀರಿದ ತಬಲಾ ಚರ್ಮ ಸಡಿಲಗೊಂಡು ಇಳಿಯುತ್ತದೆ. ಎರಡೂ ಎದುರು ದಿಕ್ಕಿಗೆ! ಅದಕ್ಕೇ ಅಷ್ಟು ಹೊತ್ತು ಹಿಡಿಯುವುದು. ಮೊದಲು ಬಿರಡೆ, ಆಮೇಲೆ ಮಣಿ, ಕೊನೆಗೆ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ ತಂತಿಯ ಕೆಳಗಿರುವ ಎಳೆದಾರ. ಅದನ್ನು ಕೂದಲೆಳೆಯಷ್ಟು ಜರುಗಿಸಿದಾಗ ಮಂಕಾಗಿದ್ದ ತಂತಿ ಒಮ್ಮೆಲೇ ಝೇಂಕರಿಸುತ್ತದೆ, ಅದೇ ಜವಾರಿ. ಅವ್ವನಿಗೆ ತೋರಿಸಿ. ಚಹಾ, ಶೌಚಕ್ಕೆ ಒಬ್ಬ ಕಲಾವಿದರು ಮುಗಿಸಿ ಇನ್ನೊಬ್ಬರು ಬರುವ ನಡುವಿನ ಹೊತ್ತು ಸಾಕು. ಆಲಾಪದ ಮಧ್ಯೆ ಎದ್ದರೆ ಹಿಂದಿನ ಹತ್ತು ಸಾಲಿನವರ ಶಾಪ ತಟ್ಟುತ್ತದೆ.

ಜಾಗ 2018ರಿಂದ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನ, ಸ್ವಾರಗೇಟಿಗೆ ಹತ್ತಿರ. ಬೆಳಗಾವಿ, ಹುಬ್ಬಳ್ಳಿ ಬಸ್ಸುಗಳೂ ಸ್ವಾರಗೇಟಿನಿಂದಲೇ. 10ಕ್ಕೆ ಸಾವಿರಾರು ಜನ ಒಟ್ಟಿಗೆ ಹೊರಬಿದ್ದಾಗ ರಿಕ್ಷಾದವರು ಬಾಯಿಗೆ ಬಂದ ಬಾಡಿಗೆ ಹೇಳುತ್ತಾರೆ. ಆದ್ದರಿಂದ ಕೋಣೆಯನ್ನು ಸ್ವಾರಗೇಟಿನ ಆಸುಪಾಸಿನಲ್ಲೇ ಹಿಡಿಯಿರಿ, ಕೊನೆಗೆ ಹಾಡುವ ಭೈರವಿ ಮುಗಿಯುವ ಮೊದಲೇ ಓಡಬೇಕಾಗಿಲ್ಲ. ಸವಾಯಿ ಗಂಧರ್ವ ಎಂದು ಹೆಸರಾದ ಕುಂದಗೋಳದ ರಾಮಭಾವೂ ಅವರ ನೆನಪಿಗೆ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಶುರುಮಾಡಿದ ಉತ್ಸವ ಇದು. ಕೊನೆಯ ದಿನ ಗುರುಗಳದೇ ಹಳೆಯ ಧ್ವನಿಮುದ್ರಿಕೆ ಹಾಕಿ ಮುಗಿಸುವ ರೂಢಿ. ತವರಿನವರ ದನಿ ಕೇಳಬೇಕೆಂದರೆ ನಿಮ್ಮ ಎರಡು ದಿನಗಳಲ್ಲಿ ಒಂದು ಕೊನೆಯ ದಿನವಾಗಿರಲಿ.

ಪ್ರಶ್ನೆ: ಬೆಂಗಳೂರಿನ ಸೊಸೆಗೆ ಮುಂಬಯಿಯಲ್ಲೇ ಊರಿನ ಯಕ್ಷಗಾನ ಮೇಳದ ಆಟ ತೋರಿಸುವ ಆಸೆ. ಡಿಸೆಂಬರಿನಲ್ಲಿ ಸಿಕ್ಕೀತೇ?
– ಠಾಣೆಯ ಓದುಗಿ

ಉತ್ತರ: ಕಷ್ಟ. ಆಗ ಮೇಳಗಳೆಲ್ಲ ಊರಿನಲ್ಲಿ ತಿರುಗಾಟದಲ್ಲಿರುತ್ತವೆ. ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಜುಲೈ-ಆಗಸ್ಟ್ ಮಳೆಯಲ್ಲಿ ಕಲಾವಿದರು ಮುಂಬಯಿಗೆ ಬರುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನದಂಥ ಕಡೆ ವಿಚಾರಿಸಿ. ಕಾಲಮಿತಿಯ ಆಟ, ಮೂರ್ನಾಲ್ಕು ಗಂಟೆ. ಮುಚ್ಚಿದ ಸಭಾಂಗಣದಲ್ಲಿ ಚೆಂಡೆ ಕಿವಿಗೆ ಹೊಡೆಯುತ್ತದೆ, ಹೊಸಬರನ್ನು ಐದನೇ ಸಾಲಿನ ಹಿಂದೆ ಕೂರಿಸಿ.

ಪ್ರಶ್ನೆ: ಗೋವಾಕ್ಕೆ ಮನೆಮಂದಿಯೆಲ್ಲ ಹೊರಟಿದ್ದೇವೆ. ಕುಡಿತ, ಡಿಜೆ ಬಿಟ್ಟು ಸಂಜೆ ನೋಡುವಂಥದ್ದು ಏನಾದರೂ ಇದೆಯೇ?
– ಹುಬ್ಬಳ್ಳಿಯ ಓದುಗ

ಉತ್ತರ: ತಿಯಾತ್ರ್ ನೋಡಿ. ಕೊಂಕಣಿ ನಾಟಕ, ಪಣಜಿಯ ಕಲಾ ಅಕಾಡೆಮಿ, ಮಡಗಾಂವಿನ ರವೀಂದ್ರ ಭವನದ ಫಲಕದಲ್ಲಿ ಆ ವಾರದ ಆಟಗಳು ಇರುತ್ತವೆ. ಮಧ್ಯಾಹ್ನದ ಆಟವನ್ನೇ ಆರಿಸಿ, ಏಕೆಂದರೆ ಸಂಜೆಯದು ಮುಗಿಯುವ ಹೊತ್ತಿಗೆ ಕದಂಬ ಬಸ್ಸು ಸಿಗುವುದು ಕಷ್ಟ. ಕಥೆ ಪರದೆಗಳಾಗಿ ನಡೆಯುತ್ತದೆ. ಒಂದು ಪರದೆ ಬಿದ್ದು ಇನ್ನೊಂದು ಏಳುವ ನಡುವೆ ಕಥೆಗೆ ಸಂಬಂಧವೇ ಇಲ್ಲದ ಕಾಂತಾರಾಂ ಹಾಡುಗಳು ಬರುತ್ತವೆ, ಹೆಚ್ಚಾಗಿ ರಾಜಕಾರಣಿಗಳ ಮೇಲೆ ಲೇವಡಿ. ವೇದಿಕೆಯ ಬುಡದಲ್ಲಿ ಟ್ರಂಪೆಟ್, ಡ್ರಮ್ಸ್ ಇರುವ ಬ್ಯಾಂಡು. ಜನ ಸುಮ್ಮನೆ ಕೂರುವುದಿಲ್ಲ, ಮೆಚ್ಚಿದರೆ ಕೂಗಿ ಮತ್ತೆ ಹಾಡಿಸುತ್ತಾರೆ. ಮಾತು ಅರ್ಧ ತಿಳಿದರೂ ನಮ್ಮ ಕಂಪನಿ ನಾಟಕ ನೋಡಿದವರಿಗೆ ಅಪರಿಚಿತ ಅನ್ನಿಸದು. ತಮಾಷೆಯೆಂದರೆ ಗೋವಾದ ಈ ಕಲೆಯ ಮೊದಲ ಆಟ ನಡೆದದ್ದು 1892ರಲ್ಲಿ, ಮುಂಬಯಿಯಲ್ಲಿ.

ಗೋವಾದಲ್ಲಿ ಓಲಾ, ಉಬರ್ ನೆಚ್ಚಿಕೊಳ್ಳುವಂತಿಲ್ಲ. ಗೋವಾಮೈಲ್ಸ್ ಆ್ಯಪ್ ಇಟ್ಟುಕೊಳ್ಳಿ. ಇಲ್ಲವೇ ಬಿಟ್ಟುಬರುವ ಟ್ಯಾಕ್ಸಿಯವನೊಂದಿಗೇ ಕಾಯುವ ಹೊತ್ತನ್ನೂ ಸೇರಿಸಿ ಹೋಗಿಬರುವ ದರ ಮಾತಾಡಿ. ಹುಡುಗರು ಸ್ಕೂಟರ್ ಬಾಡಿಗೆಗೆ ತೆಗೆದರೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇದ್ದದ್ದನ್ನೇ ತೆಗೆಯಲಿ. ಬಿಳಿ ಫಲಕದ್ದು ಖಾಸಗಿ ಗಾಡಿ, ಪೊಲೀಸರು ಹಿಡಿದರೆ ದಂಡ ನಿಮ್ಮ ತಲೆಗೆ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಪ್ರಶ್ನೆ: ನನಗೆ 23. ಗೋವಾದಲ್ಲಿ ಯಾರೂ ಕೇಳಲಿಲ್ಲ, ಪುಣೆಯ ಪಬ್ಬಿನಲ್ಲಿ ವ್ಹಿಸ್ಕಿ ಕೊಡಲಿಲ್ಲ. ಅದು ಸರಿಯೇ? ಬಾಗಿಲಲ್ಲೇ ಕವರ್ ಚಾರ್ಜ್ ಎಂದು ದುಡ್ಡೂ ಕಿತ್ತರು.
– ಬೆಳಗಾವಿಯ ಓದುಗ

ಉತ್ತರ: ಸರಿಯೇ. ಗೋವಾದಲ್ಲಿ 18 ಸಾಕು. ಮಹಾರಾಷ್ಟ್ರದಲ್ಲಿ ಬಿಯರ್, ವೈನ್‌ಗೆ 21, ವ್ಹಿಸ್ಕಿ-ರಮ್ಮಿಗೆ 25. ಕವರ್ ಚಾರ್ಜ್ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಎಷ್ಟು ಬಿಲ್ಲಿಗೆ ಜಮಾ ಆಗುತ್ತದೆ? ಕೆಲವು ಕಡೆ ಪೂರ್ತಿ, ಕೆಲವು ಕಡೆ ಅರ್ಧ, ಬ್ಯಾಂಡ್ ಇರುವ ದಿನ ಸೊನ್ನೆ. ಬಿಲ್ಲಿನ ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ತೆಗೆಯಲು ಹೇಳಬಹುದು.

ಕೇಳದೆ ಹೋದರೂ ಇದನ್ನು ಹೇಳಲೇಬೇಕು. ಒಳಗೆ ಹೋದ ಕೂಡಲೇ ಎರಡನೇ ಬಾಗಿಲು ಎಲ್ಲಿದೆ ನೋಡಿ, ಅದಕ್ಕೆ ಬೀಗವಿದೆಯೇ, ಅಡ್ಡ ಖುರ್ಚಿ-ಕ್ರೇಟು ಪೇರಿಸಿದ್ದಾರೆಯೇ ಎಂದೂ ನೋಡಿ. 2017ರ ಡಿಸೆಂಬರಿನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ಬೆಂಕಿಯಲ್ಲಿ 14 ಜನ ಹೋದರು. ಅವರಲ್ಲಿ ಹಲವರು ಶೌಚಾಲಯದೊಳಗೆ ಸೇರಿಕೊಂಡು ಹೊಗೆಗೆ ಉಸಿರುಕಟ್ಟಿ ಸತ್ತವರು. ಹೊಗೆ ಕಂಡರೆ ಬಗ್ಗಿ ಹೊರಗೆ ನಡೆಯಿರಿ, ಶೌಚಾಲಯಕ್ಕೆ ಹೋಗಬೇಡಿ.

ಪ್ರಶ್ನೆ: ಡಿಜೆ ಪಾರ್ಟಿಗೆ ಹೋಗಿ ಬಂದರೆ ಎರಡು ದಿನ ಕಿವಿ ಗುಂಯ್‌ಗುಡುತ್ತದೆ. ಗೋವಾದ ಪಾಳೊಳೆಂನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿ ಕಿವಿಗೆ ಒಳ್ಳೆಯದೇ?
– ಕಾರವಾರದ ಓದುಗಿ

ಉತ್ತರ: ಹೆಡ್‌ಫೋನ್ ಬಂದದ್ದು ರಾತ್ರಿ 10ರ ಮೇಲೆ ಧ್ವನಿವರ್ಧಕ ಕೂಡದೆಂಬ ನಿಯಮಕ್ಕಾಗಿ, ನಿಮ್ಮ ಕಿವಿಗಾಗಿ ಅಲ್ಲ. ಆದರೆ ಅದರಲ್ಲಿ ದನಿ ತಗ್ಗಿಸುವುದು ನಿಮ್ಮ ಕೈಯಲ್ಲಿದೆ, ಅದೇ ಲಾಭ. 85 ಡೆಸಿಬೆಲ್ ಸದ್ದನ್ನು ಕಿವಿ 8 ಗಂಟೆ ತಾಳುತ್ತದೆ ಎಂಬುದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ಮುಟ್ಟಿದಾಗ ಉಳಿಯುವುದು 15 ನಿಮಿಷ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಒಯ್ಯಿರಿ. ಹೆಚ್ಚಿನವರು ಅದನ್ನು ಹಾಗೇ ತುರುಕಿ, ಪ್ರಯೋಜನವಿಲ್ಲ ಎನ್ನುತ್ತಾರೆ. ಒಣಗಿದ ಬೆರಳುಗಳಲ್ಲಿ ಹೊಸೆದು ಬತ್ತಿಯಂತೆ ಸಣ್ಣಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಹಿಡಿದು ಒಳಗೆ ಹಾಕಿ, ಅದು ಉಬ್ಬಿ ತುಂಬಿಕೊಳ್ಳುವವರೆಗೆ 30 ಸೆಕೆಂಡು ಒತ್ತಿ ಹಿಡಿಯಿರಿ. ನಿಮ್ಮದೇ ಮಾತು ಡಬ್ಬಿಯೊಳಗಿನಿಂದ ಬಂದಂತೆ ಕೇಳಿದರೆ ಸರಿಯಾಗಿ ಕೂತಿದೆ. ಸ್ಪೀಕರಿನಿಂದ ದೂರ ನಿಲ್ಲಿ, ಗಂಟೆಗೊಮ್ಮೆ ಹತ್ತು ನಿಮಿಷ ಹೊರಗೆ ಸಮುದ್ರದ ಕಡೆ ಹೋಗಿ ಬನ್ನಿ. ಪ್ರತಿ ಸಲವೂ ಎರಡು ದಿನ ಗುಂಯ್‌ಗುಟ್ಟುತ್ತದೆ ಎಂದರೆ ಮುಂದಿನ ಪಾರ್ಟಿಗೆ ಮೊದಲು ಕಿವಿ ಡಾಕ್ಟರಲ್ಲಿ ಆಡಿಯೊಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸಿಕೊಳ್ಳಿ.