ತೊಟ್ಟಿಲಲ್ಲಿ ಎಷ್ಟಾದರೂ ಕರೆಯಿರಿ, ಕಾಗದದಲ್ಲಿ ನಡುವಿನ ಹೆಸರು ಒಂದೇ ಇರಲಿ

ಮಗಳು ಹುಟ್ಟಿ ಒಂಬತ್ತು ದಿನ, ನಾಮಕರಣಕ್ಕೆ ಇನ್ನು ಮೂರೇ ದಿನ ಎಂದು ಬರೆದಿದ್ದೀರಿ. ಊರಿನ ಹೆಸರು ಬಿಡಬಾರದು ಅಂತ ನಿಮ್ಮ ತಂದೆ, ಮನೆದೇವರ ಹೆಸರು ಸೇರಲೇಬೇಕು ಅಂತ ನಿಮ್ಮ ಅತ್ತೆ. ತೀರಿಹೋದ ಅಜ್ಜಿಯ ಹೆಸರು ಬರಲಿ ಎನ್ನುವುದು ನಿಮ್ಮ ಆಸೆ. ಇದರ ಮೇಲೆ ಅಪ್ಪನ ಹೆಸರಂತೂ ಇದ್ದೇ ಇದೆ. ಮನೆಗೆ ಅಡ್ಡಹೆಸರಿಲ್ಲ, ಹಿಂದಿನಿಂದ ಇನಿಷಿಯಲ್ ಮಾತ್ರ. ಮಗುವಿನ ಹೆಸರಿನ ಜೊತೆ ಎಷ್ಟು ಹೆಸರು ಸೇರಿಸಬಹುದು, ಕಾನೂನಿನಲ್ಲಿ ಮಿತಿ ಇದೆಯೇ, ಆಮೇಲೆ ಬದಲಿಸಬಹುದೇ ಎಂದು ಕೇಳಿದ್ದೀರಿ.

ಜನನ ನೋಂದಣಿ ಕಾಯ್ದೆಯಲ್ಲಿ ಇಷ್ಟೇ ಹೆಸರು ಅಂತ ಎಣಿಕೆ ಹಾಕಿಲ್ಲ. ಆದರೂ ನನ್ನನ್ನು ಕೇಳಿದರೆ ನಡುವೆ ಒಂದೇ ಒಂದು ಹೆಸರು ಸಾಕು. ಮಗುವಿನದು, ನಡುವಿನದು, ಕೊನೆಯದು, ಹೀಗೆ ಮೂರು ಪದ. ಮೂರನ್ನೂ ಪೂರ್ತಿ ಬರೆಸಿ. ಇನಿಷಿಯಲ್ ಮಾತ್ರ ದಯವಿಟ್ಟು ಬೇಡ. ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ನನ್ನ ಮಗಳ ಹೆಸರು.

ನಾನು ಅರಸೀಕೆರೆ ತಾಲೂಕಿನ ಹಾರನಹಳ್ಳಿಯವಳು, ಕೊಟ್ಟದ್ದು ಧಾರವಾಡಕ್ಕೆ. 2011ರಲ್ಲಿ ಮಗಳು ಹುಟ್ಟಿದ್ದು ತವರಿನಲ್ಲಿ. ಹನ್ನೆರಡನೆಯ ದಿನ ನಡುಮನೆಯಲ್ಲಿ ತೊಟ್ಟಿಲು ಕಟ್ಟಿದರು. ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನ ಗಂಡನ ಕೈಯಲ್ಲಿ ಚಿನ್ನದ ಉಂಗುರ ಕೊಟ್ಟು, ಪುರೋಹಿತರು ಒಂದೊಂದೇ ಹೆಸರು ಹೇಳುತ್ತಾ ಬರೆಸಿದರು. ಮೊದಲು ದೇವತಾನಾಮ, ಆಮೇಲೆ ಮಾಸನಾಮ, ನಕ್ಷತ್ರನಾಮ, ಕೊನೆಗೆ ವ್ಯಾವಹಾರಿಕ ನಾಮ. ಜಾಗ ಸಾಲದೆ ನಾಲ್ಕನೆಯದನ್ನು ತಟ್ಟೆಯ ಅಂಚಿಗೆ ಒತ್ತಿ ಬರೆದರು. ಧಾರವಾಡದಿಂದ ಬಂದಿದ್ದ ನಾದಿನಿ, ಅಂದರೆ ಮಗುವಿನ ಸೋದರತ್ತೆ, ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಹಿಂದೆ ನಿಂತಿದ್ದ ಹೆಂಗಸರು ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿದರು. ಮಧ್ಯಾಹ್ನ ಊಟ ಆದ ಮೇಲೆ ಆ ಅಕ್ಕಿಯನ್ನು ಪುರೋಹಿತರು ಕಟ್ಟಿಕೊಂಡು ಹೋದರು. ಮೂರು ಹೆಸರು ಅಕ್ಕಿಯ ಜೊತೆಗೇ ಹೋದವು, ನಮ್ಮ ಬಾಯಲ್ಲಿ ಒಂದು ಉಳಿಯಿತು. ಅದರಿಂದ ಯಾರಿಗೂ ಏನೂ ಕಳೆದುಕೊಂಡ ಹಾಗೆ ಅನಿಸಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನಿಮ್ಮ ಅತ್ತೆಯವರ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

ತೊಂದರೆ ಶುರುವಾದದ್ದು ಕಾಗದ ಬರೆಸುವಾಗ. ಅಡ್ಡಹೆಸರು ಧಾರವಾಡದ ಮನೆಯದು, ಅದರಲ್ಲಿ ತಕರಾರಿಲ್ಲ. ನಡುವೆ ಅಪ್ಪನ ಹೆಸರು ಬರಬೇಕು, ಅದು ಆ ಕಡೆಯ ಪದ್ಧತಿ. ಮನೆದೇವರು ವೆಂಕಟೇಶ, ಆತನ ಹೆಸರೂ ಇರಲಿ ಎಂದರು ಹಿರಿಯರು. "ಎಲ್ಲಾರದೂ ಸೇರಸ್ರಿ, ಯಾರ ಮನಸ್ಸೂ ನೋಯೂದು ಬ್ಯಾಡ" ಎಂದರು ಅತ್ತೆ. ಪೂರ್ತಿ ಬರೆದರೆ ಉದ್ದವಾಗುತ್ತದೆ ಅಂತ, ಮಗಳ ಹೆಸರು, ಆಮೇಲೆ ವಿ. ಎಂ., ಆಮೇಲೆ ಅಡ್ಡಹೆಸರು ಎಂದು ಬರೆಸಿಬಿಟ್ಟೆವು. ಎಲ್ಲರಿಗೂ ಸಮಾಧಾನ.

ಮೂರನೆಯ ಕ್ಲಾಸಿನಲ್ಲಿ ಅವಳು ನೋಟ್‌ಬುಕ್ಕಿನ ಲೇಬಲ್ ಮೇಲೆ ಪೂರ್ತಿ ಹೆಸರು ಬರೆಯಬೇಕಿತ್ತು. ಊಟದ ಮೇಜಿನ ಮೇಲೆ ಕೂತು "ಅಮ್ಮಾ, ವಿ ಅಂದ್ರೆ ಏನು?" ಎಂದಳು. ನಾನು ವೆಂಕಟೇಶ ಎಂದೆ, ಒಳಗಿನಿಂದ ಅತ್ತೆ ವೆಂಕಟರಮಣ ಎಂದರು. ಅದೇ ವರ್ಷ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿದಾಗ ಎದೆ ಧಸಕ್ಕೆಂದಿತು. ಶಾಲೆಯ ದಾಖಲೆಯಲ್ಲಿ ವೆಂಕಟೇಶ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ವೆಂಕಟರಮಣ, ಆಧಾರಿನಲ್ಲಿ ಬರೀ ವಿ ಎಂ. ಪಾಸ್‌ಪೋರ್ಟಿಗೆ ಇನಿಷಿಯಲ್ ಬಿಡಿಸಿಯೇ ಬರೆಯಬೇಕು. ಬಿಡಿಸಿದರೆ ಅದಕ್ಕೆ ಆಧಾರವಾಗಿ ಒಂದು ಕಾಗದ ತೋರಿಸಬೇಕು. ವಿ ಎಂದರೆ ಇದೇ ಎಂದು ಹೇಳುವ ಕಾಗದ ಲೋಕದಲ್ಲೇ ಇರಲಿಲ್ಲ, ಏಕೆಂದರೆ ನಾವೇ ಬರೆಸಿರಲಿಲ್ಲ. ಅಫಿಡವಿಟ್ ಮಾಡಿಸಿ, ಶಾಲೆಯಿಂದ ಪತ್ರ ತಂದು, ರಜೆ ಹಾಕಿ ಎರಡು ಸಲ ಅರಸೀಕೆರೆಗೆ ಓಡಾಡಿ ಜನನ ಪ್ರಮಾಣಪತ್ರ ಸರಿಪಡಿಸಿಕೊಳ್ಳುವ ಹೊತ್ತಿಗೆ ನಾಲ್ಕು ತಿಂಗಳಾಯಿತು. ಎರಡು ಅಕ್ಷರಕ್ಕೆ ನಾಲ್ಕು ತಿಂಗಳು.

ನಡುವೆ ಒಂದೇ ಹೆಸರು ಎನ್ನುವುದು ಹೊರಗಿನಿಂದ ಬಂದ ಪದ್ಧತಿ ಅಂತ ನಿಮ್ಮ ತಂದೆಯವರಿಗೆ ಅನಿಸಬಹುದು. ನಮ್ಮಲ್ಲೂ ಇದ್ದದ್ದು ಹೆಚ್ಚಾಗಿ ಒಂದೇ. ಕುವೆಂಪು ಎಂದರೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ತಾವು. ಬೇಂದ್ರೆಯವರು ದತ್ತಾತ್ರೇಯ ರಾಮಚಂದ್ರ ಬೇಂದ್ರೆ: ತಾವು, ಅಪ್ಪ, ಅಡ್ಡಹೆಸರು. ಕೊಡಗಿನ ಜನರಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ: ಮನೆತನ, ಅಪ್ಪ, ತಾವು. ಮೈಸೂರು, ಧಾರವಾಡ, ಕೊಡಗು, ಮೂರು ಕಡೆ ಮೂರು ರೀತಿ. ಹಿಂದುಮುಂದಾದರೂ ನಡುವೆ ನಿಂತಿರುವುದು ಅಪ್ಪನ ಹೆಸರೊಂದೇ. ಕರಾವಳಿಯಲ್ಲಿ ಬೇರೆ. ಕೋಟ ಶಿವರಾಮ ಕಾರಂತ ಎನ್ನುವಲ್ಲಿ ಮೊದಲು ಊರು, ಕೊನೆಗೆ ಮನೆತನ, ನಡುವೆ ಇರುವುದೇ ಸ್ವಂತ ಹೆಸರು. ಸಿ.ಎನ್.ಆರ್. ರಾವ್ ಅವರ ಹಾಗೆ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಎಂದು ನಾಲ್ಕು ಪದದ ಹೆಸರುಗಳೂ ಇವೆ. ಆದರೆ ಅವರ ಕಾಲದ ಮಗು ಹುಟ್ಟಿದ ವರ್ಷವೇ ಕಂಪ್ಯೂಟರಿಗೆ ಹೆಸರು ಕೊಡಬೇಕಾಗಿರಲಿಲ್ಲ.

ಈಗ ಕೊಡಬೇಕು. ಅದರ ಮೇಲೆ ಒಂದೊಂದು ಕಾಗದಕ್ಕೆ ಒಂದೊಂದು ಲೆಕ್ಕ. ಆಧಾರಿನಲ್ಲಿ ಹೆಸರಿಗೆ ಒಂದೇ ಸಾಲು. ಪಾಸ್‌ಪೋರ್ಟಿನಲ್ಲಿ ಎರಡು ಖಾನೆ, ಕೊನೆಯ ಹೆಸರಿಗೊಂದು, ಮಿಕ್ಕದ್ದಕ್ಕೆಲ್ಲ ಒಂದು. ನಡುವಿನ ಹೆಸರು ಎಂಬ ಖಾನೆಯೇ ಅಲ್ಲಿಲ್ಲ, ಅದು ಮಗುವಿನ ಹೆಸರಿಗೆ ಅಂಟಿಕೊಂಡು ಕೂರುತ್ತದೆ. ಪ್ಯಾನ್ ಅರ್ಜಿಯಲ್ಲಿ ಮೂರು ಖಾನೆ, ಮೊದಲ ಮತ್ತು ಕೊನೆಯ ಹೆಸರಿಗೆ ಇನಿಷಿಯಲ್ ಒಪ್ಪುವುದಿಲ್ಲ. ಒಂದು ಸಾಲು, ಎರಡು ಖಾನೆ, ಮೂರು ಖಾನೆ, ಇವು ಮೂರರಲ್ಲೂ ಒಂದೇ ರೀತಿ ಕೂರುವುದು ಮೂರು ಪದದ ಹೆಸರು. ನಾಲ್ಕಾದರೆ ಯಾವುದು ಯಾವ ಖಾನೆಗೆ ಎಂದು ತುಂಬುವವರು ಅವರವರ ಬುದ್ಧಿಗೆ ತೋಚಿದ ಹಾಗೆ ತುಂಬುತ್ತಾರೆ. ವಿಮಾನದ ಟಿಕೆಟ್ಟಿನಲ್ಲಿ ಎರಡು ಹೆಸರು ಒಂದಕ್ಕೊಂದು ಅಂಟಿ ಬರುವುದನ್ನು ನೀವೂ ನೋಡಿರುತ್ತೀರಿ.

ಉದ್ದವನ್ನೂ ಎಣಿಸಿ. ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲು ಇರುತ್ತವೆ. ಒಂದೊಂದು ಸಾಲಿಗೆ 44 ಅಕ್ಷರ. ಮೊದಲ ಸಾಲಿನಲ್ಲಿ ಪಾಸ್‌ಪೋರ್ಟಿನ ಗುರುತು, ದೇಶದ ಗುರುತು ಎಂದು ಐದು ಹೋದರೆ ಹೆಸರಿಗೆ ಉಳಿಯುವುದು 39. ಕೊನೆಯ ಹೆಸರಿಗೂ ಉಳಿದದ್ದಕ್ಕೂ ನಡುವೆ ಎರಡು ಗುರುತು, ಮಿಕ್ಕ ಪದಗಳ ನಡುವೆ ಒಂದೊಂದು, ಅವೂ ಇದರಲ್ಲೇ ಹಿಡಿಯಬೇಕು. ಭುವನೇಶ್ವರಿ ಎಂದು ಇಂಗ್ಲಿಷಿನಲ್ಲಿ ಬರೆದರೆ 13 ಅಕ್ಷರ, ವೆಂಕಟರಮಣಯ್ಯ 16, ಹಾರನಹಳ್ಳಿ 11. ಮೂರೇ ಪದ, ಅಷ್ಟಕ್ಕೇ 40 ಆಯಿತು, ಗುರುತು ಸೇರಿದರೆ 43. ಹೆಸರಿನ ಬಾಲ ಅಲ್ಲಿ ಕತ್ತರಿಸಿಹೋಗುತ್ತದೆ. ಅಂದರೆ ಮೂರು ಪದದಲ್ಲಿ ಒಂದಾದರೂ ಚಿಕ್ಕದಿರಲಿ.

ಹಾಗಂತ ಒಂದೇ ಪದಕ್ಕೆ ಇಳಿಸಲೂ ಹೋಗಬೇಡಿ. ಅಡ್ಡಹೆಸರಿಲ್ಲದ ಮನೆಗಳಲ್ಲಿ ಈಗ ಇನಿಷಿಯಲ್ ಬೇಡ ಎಂದು ಬರೀ ಮಗುವಿನ ಹೆಸರು ಬರೆಸುವವರು ಇದ್ದಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಆ ಹೆಸರನ್ನು ಕೊನೆಯ ಹೆಸರಿನ ಖಾನೆಗೆ ತಳ್ಳಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಮೊದಲ ಹೆಸರು ತಿಳಿಯದು, ಎಂದು ಹಾಕುತ್ತಾರೆ. ಯುಎಇ ಕೂಡ 2022ರ ನವೆಂಬರಿನಿಂದ ಪ್ರವಾಸಿ ವೀಸಾದವರಿಗೆ ಒಂಟಿ ಹೆಸರಿನ ವಿಷಯದಲ್ಲಿ ಬಿಗಿ ಮಾಡಿದೆ. ಮಗಳು ಮುಂದೆ ಎಲ್ಲಿಗೆ ಹೋಗುತ್ತಾಳೋ ಯಾರು ಬಲ್ಲರು.

ಇನ್ನು ಆ ಒಂದು ನಡುವಿನ ಜಾಗ ಯಾರಿಗೆ? ಇಲ್ಲಿ ನನ್ನ ಅಭಿಪ್ರಾಯ ಹಿರಿಯರಿಗೆ ಒಗ್ಗಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಅಪ್ಪನ ಹೆಸರಿಗೆ ಆ ಜಾಗ ಅಷ್ಟು ಅಗತ್ಯವಿಲ್ಲ. ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ, ಅಮ್ಮನ ಹೆಸರಿಗೆ ಬೇರೆ ಬೇರೆ ಸಾಲೇ ಇವೆ. ಪಾಸ್‌ಪೋರ್ಟಿನ ಅರ್ಜಿಯಲ್ಲಿ, ಶಾಲೆಯ ದಾಖಲೆಯಲ್ಲಿ, ಅಂಕಪಟ್ಟಿಯಲ್ಲಿ, ಎಲ್ಲ ಕಡೆ ಬಂದೇ ಬರುತ್ತವೆ. ಬೇರೆಲ್ಲೂ ಜಾಗವಿಲ್ಲದ ಹೆಸರು ಅಜ್ಜಿಯದು. ಅವರ ಹೆಸರಿಗೆಂದು ಯಾವ ಅರ್ಜಿಯಲ್ಲೂ ಖಾನೆ ಇಲ್ಲ. ಮನೆಯವರು ಕೊಟ್ಟರೆ ಮಾತ್ರ ಅದು ಉಳಿಯುತ್ತದೆ.

ಮಗಳು ಅನ್ನುವುದಕ್ಕೆ ಇನ್ನೂ ಒಂದು ಮಾತು. ನಮ್ಮ ಧಾರವಾಡದ ಕಡೆ ಮದುವೆಯಾದ ಮೇಲೆ ಹೆಣ್ಣಿನ ಹೆಸರಿನ ನಡುವೆ ಅಪ್ಪ ಹೋಗಿ ಗಂಡ ಬರುತ್ತಾನೆ. ನನಗೂ ಹಾಗೇ ಆಯಿತು. ಡಿಗ್ರಿ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಬದಲಿಸಲೇಬೇಕೆಂದು ಕಾನೂನು ಹೇಳುವುದಿಲ್ಲ, ಆದರೆ ನಡುವಿನದು ಅಪ್ಪನ ಹೆಸರಾಗಿದ್ದರೆ ಬದಲಿಸು ಎನ್ನುವವರು ಸಿಕ್ಕೇ ಸಿಗುತ್ತಾರೆ. ಅಜ್ಜಿಯ ಹೆಸರನ್ನು ತೆಗೆದು ಗಂಡನ ಹೆಸರು ಹಾಕು ಎನ್ನಲು ಯಾರಿಗಾದರೂ ಸ್ವಲ್ಪ ಬಾಯಿ ತಡೆಯುತ್ತದೆ. ತಾಯಿಯ ಹೆಸರನ್ನು ತನ್ನ ಹೆಸರಿನೊಳಗೆ ತರುವುದು ನಮಗೆ ಹೊಸದೂ ಅಲ್ಲ. ಬೇಂದ್ರೆಯವರು ಕಾವ್ಯಕ್ಕೆ ಇಟ್ಟುಕೊಂಡದ್ದು ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ.

ನಿಮ್ಮ ತಂದೆಯವರ ಊರಿನ ಮಾತನ್ನೂ ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ನನ್ನ ಅಪ್ಪನಿಗೂ ಅದೇ ನೋವಿತ್ತು, ಮೊಮ್ಮಗಳ ಹೆಸರಿನಲ್ಲಿ ಹಾರನಹಳ್ಳಿಯ ಸುಳಿವೇ ಇಲ್ಲವಲ್ಲ ಎಂದು. 2017ರಲ್ಲಿ ಮಗ ಹುಟ್ಟಿದಾಗ ಧಾರವಾಡದವರನ್ನು ಕೂರಿಸಿಕೊಂಡು ಕೇಳಿದೆವು, ಒಪ್ಪಿದರು. ಅವನ ಹೆಸರಿನ ನಡುವೆ ನಮ್ಮೂರು ಪೂರ್ತಿಯಾಗಿ ಇದೆ. ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡೆವು, ಏಕೆಂದರೆ ನನ್ನದೇ ಕಾಗದಗಳಲ್ಲಿ ಒಂದು ಕಡೆ ಹಾ ಎನ್ನುವುದಕ್ಕೆ ಒಂದು 'ಎ', ಇನ್ನೊಂದು ಕಡೆ ಎರಡು 'ಎ', ಮತ್ತೊಂದು ಕಡೆ ನಕಾರದ ಮುಂದಿನ 'ಎ'ಯೇ ಇಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ರಸ್ತೆ ಬದಿಯ ಬೋರ್ಡಿನ ಮುಂದೆ ಕಾರು ನಿಲ್ಲಿಸಿದೆವು. ಅವನು ಕಂಬಕ್ಕೆ ಒರಗಿ, ತಲೆಯೆತ್ತಿ, ಒಂದೊಂದೇ ಅಕ್ಷರ ಕೂಡಿಸಿ ಓದಿ "ಇದು ನನ್ನ ಹೆಸರಲ್ವಾ" ಎಂದ. ಅಪ್ಪ ಆ ಮಾತನ್ನು ಊರಿನಲ್ಲಿ ಎಷ್ಟು ಜನರಿಗೆ ಹೇಳಿದರೋ ಲೆಕ್ಕವಿಲ್ಲ.

ಆದ್ದರಿಂದ ನಿಮ್ಮ ಮನೆಗೆ ನಾನು ಹೇಳುವುದು ಹೀಗೆ. ಮೊದಲು ಮಗಳ ಹೆಸರು, ನಡುವೆ ಅಜ್ಜಿ, ಕೊನೆಗೆ ಊರು. ಅಡ್ಡಹೆಸರಿಲ್ಲದ ನಿಮಗೆ ಊರೇ ಅಡ್ಡಹೆಸರಾಗಲಿ. ಗೋಕಾಕ ಎನ್ನುವ ಮನೆತನಕ್ಕೆ ಆ ಹೆಸರು ಬಂದದ್ದೂ ಊರಿನಿಂದಲೇ ತಾನೆ. ಊರಿನ ಹೆಸರು ತೀರಾ ಉದ್ದವಾಗಿದ್ದರೆ ಕೊನೆಗೆ ಅಪ್ಪನ ಹೆಸರು ಹಾಕಿ, ಅದೂ ಪೂರ್ತಿಯಾಗಿ. ಮನೆದೇವರ ಹೆಸರನ್ನು ಅಕ್ಕಿಯ ಮೇಲೆ ಎಲ್ಲಕ್ಕಿಂತ ಮೊದಲು ಬರೆಸಿ, ಅತ್ತೆಯವರ ಕೈಯಲ್ಲೇ ಮಗುವಿನ ಕಿವಿಯಲ್ಲಿ ಹೇಳಿಸಿ. ಅವರು ಬೇಕಾದರೆ ದಿನವೂ ಅದೇ ಹೆಸರಿನಿಂದ ಕರೆಯಲಿ. ದೇವರಿಗೆ ಇಟ್ಟ ಜಾಗ ಅದೇ, ಪುರಸಭೆಯ ರಿಜಿಸ್ಟರ್ ಅಲ್ಲ ಎಂದು ಮೆತ್ತಗೆ ಹೇಳಿದರೆ ಹಿರಿಯರು ಒಪ್ಪುತ್ತಾರೆ, ನಮ್ಮತ್ತೆ ಒಪ್ಪಿದರು.

ಕೊನೆಯದಾಗಿ ಬದಲಿಸುವ ವಿಷಯ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿಯಾಗಬೇಕು, ಆದರೆ ಆಗಲೇ ಹೆಸರು ಬರೆಸಲೇಬೇಕು ಎಂದಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಾಯಿಸಬಹುದು. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಅದರ ಮೇಲೆ 15 ವರ್ಷದವರೆಗೂ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಖಾಲಿ ಜಾಗ ತುಂಬುವುದು ಸುಲಭ, ಒಮ್ಮೆ ಬರೆಸಿದ್ದನ್ನು ತಿದ್ದಿಸುವುದು ಕಷ್ಟ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಮೂಲ, ಹಾಗಾಗಿ ಅದರಲ್ಲಿ ಇರುವುದೇ ಮುಂದೆ ಎಲ್ಲ ಕಡೆ ಹೋಗುತ್ತದೆ. ಆಧಾರಿನಲ್ಲಂತೂ ಹೆಸರು ತಿದ್ದಿಸಲು ಜೀವಮಾನದಲ್ಲಿ ಸಿಗುವುದು ಎರಡೇ ಸಲ. ಮೂರು ದಿನದಲ್ಲಿ ಮನೆಯವರು ಒಂದು ಮಾತಿಗೆ ಬರದಿದ್ದರೆ ತೊಟ್ಟಿಲ ಶಾಸ್ತ್ರ ಮುಗಿಸಿ, ರಿಜಿಸ್ಟರಿನ ಹೆಸರಿಗೆ ಒಂದೆರಡು ತಿಂಗಳು ತೆಗೆದುಕೊಳ್ಳಿ. ಬರೆಸಲು ಹೋಗುವ ದಿನ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದ ಚೀಟಿ ಕೈಯಲ್ಲಿರಲಿ, ಬಾಯಲ್ಲಿ ಹೇಳಿ ಬರೆಸಬೇಡಿ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕೌಂಟರ್ ಬಿಡುವ ಮೊದಲು ಚೀಟಿಯ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ.